ನಲವತ್ತಾರು ಪದಗಳ ಹಾಳೆ

ಮೇಷ್ಟ್ರು ಕುರ್ಚಿಯಲ್ಲೇ ಸತ್ತಿದ್ದರು. ದಿಂಬು ಕಾಲ ಬಳಿ ಬಿದ್ದಿತ್ತು. ತುಟಿ ಹಲ್ಲಿಗೆ ಒತ್ತಿ ಒಡೆದಿತ್ತು. ಮೇಜಿನ ಮೇಲೆ ಅವರ ಮುತ್ತಿನಂಥ ಅಕ್ಷರದಲ್ಲಿ ನಲವತ್ತಾರು ಇಂಗ್ಲಿಷ್ ಪದಗಳು.

ಪತ್ರಿಕೆಯ ಕರಡು ತಿದ್ದುವಾಕೆ ಬಾಗಿಲಲ್ಲೇ ನಿಂತಳು. ಪ್ರತಿ ಸೋಮವಾರ ಹನ್ನೆರಡಕ್ಕೆ ಬಂದು ಆ ಹಾಳೆ ಒಯ್ಯುವುದು ಅವಳ ಕೆಲಸ. ಇವತ್ತು ಅದು ಇನ್ಸ್‌ಪೆಕ್ಟರ್ ಕೈಯಲ್ಲಿತ್ತು.

"ಇದೇನ್ ಮೇಡಂ?"

"ಪದ ಹುಡುಕೋ ಆಟ ಸರ್. ಆಫೀಸಿಂದ ಏಳು ಅಕ್ಷರ ಕಳಿಸ್ತೀವಿ. ಅವುಗಳಲ್ಲೇ ಪದ ಕಟ್ಟಬೇಕು. ಈ ವಾರ ಎಲ್ ಅಕ್ಷರ ಎಲ್ಲಾ ಪದದಲ್ಲೂ ಇರಲೇಬೇಕು. ಉತ್ತರದ ಪಟ್ಟಿ ಮೇಷ್ಟ್ರದು."

"ಅಕ್ಷರ ಬಂದಿದ್ದು ಎಷ್ಟು ಹೊತ್ತಿಗೆ?"

"ಹತ್ತಕ್ಕೆ. ಲಕೋಟೆ ಬಾಗಿಲ ಸಂದಿಯಿಂದ ಒಳಗೆ ಹಾಕಿರ್ತಾರೆ."

"ಹಾಗಾದ್ರೆ ಹತ್ತು ದಾಟಿದ ಮೇಲೂ ಜೀವ ಇತ್ತು. ಮಗಳು ಎಂಟೂವರೆಗೇ ಬ್ಯಾಂಕಿಗೆ ಹೋದ್ರು. ಆಮೇಲೆ ಬಂದವಳು ಕೆಲಸದವಳೊಬ್ಬಳೇ. ನಿನ್ನೆ ಮುದುಕ ಅವಳ ಮೇಲೆ ಬಿಸಿ ಚಹಾ ಎರಚಿದ್ದನಂತೆ. ಇನ್ನೇನು ಬೇಕು?"

* * *

ಕೆಲಸದಾಕೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಒಂದು ಕೆನ್ನೆ ಊದಿತ್ತು.

"ನಾನು ಬಂದಾಗ ಮೇಜಿನ ಮೇಲೆ ಹಾಳೆನೇ ಇರ್ಲಿಲ್ಲ ಅಕ್ಕಾ. ಲಕೋಟೆ ಬಾಗಿಲ ಹತ್ರ ಬಿದ್ದಿತ್ತು. ಹಾಗಂದಿದ್ದಕ್ಕೆ ಪೊಲೀಸ್ರಿಂದ ಬಿತ್ತು ಏಟು."

"ಮೊದಲು ಯಾರಿಗೆ ಹೇಳಿದೆ?" ಕರಡು ತಿದ್ದುವಾಕೆ ಕೇಳಿದಳು.

"ಮೇಷ್ಟ್ರ ಮಗಳಿಗೆ ಫೋನ್ ಮಾಡ್ದೆ. ಬಂದವ್ರೇ ಡಾಕ್ಟರನ್ನ ಕರ್ಕೊಂಡು ಬಾ ಅಂತ ನನ್ನನ್ನ ಓಡಿಸಿದ್ರು."

"ವಾಪಸ್ ಬರೋಕೆ?"

"ಅರ್ಧ ಗಂಟೆ ಆಯ್ತು."

ಹಜಾರದಲ್ಲಿ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡ ತೀರಿಹೋದ ಮೇಲೆ ಆರು ವರ್ಷದ ಹುಡುಗಿಯನ್ನು ಕಟ್ಟಿಕೊಂಡು ತಂದೆಯ ಮನೆ ಸೇರಿದ್ದಳು.

"ಬರೀ ಸುಳ್ಳು," ಅಂದಳು. "ಅಪ್ಪನ ಅಕ್ಷರ ಕಣ್ಣಿಗೆ ಕಾಣಲ್ವಾ?"

* * *

ಕರಡು ತಿದ್ದುವಾಕೆ ಹಾಳೆ ನೋಡಿದಳು. ಅಕ್ಷರ ಮೇಷ್ಟ್ರದೇ. ಪಟ್ಟಿ ಅವರದಲ್ಲ.

ಮೇಷ್ಟ್ರು ಒಂದು ಪದ ಹೊಳೆದರೆ ಅದರ ಬಾಲ ಹಿಡಿದು ಇನ್ನೊಂದಕ್ಕೆ ಹಾರುವವರು. ಟೇಲ್ ಕೆಳಗೆ ಲೇಟ್, ಪಕ್ಕದಲ್ಲಿ ಸ್ಟೀಲ್, ಮಧ್ಯೆ ನಾಲ್ಕು ಹೊಡೆದುಹಾಕಿದ ಪದ. ಅದನ್ನು ಕ್ರಮಕ್ಕೆ ತರುವಷ್ಟರಲ್ಲಿ ಒಂಬತ್ತು ವರ್ಷದಿಂದ ಅವಳಿಗೆ ಸಾಕುಸಾಕಾಗುತ್ತಿತ್ತು. ಇಲ್ಲಿ ಏಳಕ್ಷರದ ಪದ ಮೇಲೆ, ಆಮೇಲೆ ಆರು, ಆಮೇಲೆ ಐದು. ಒಂದೇ ಒಂದು ಚಿತ್ತಿಲ್ಲ.

ಕಪಾಟಿನಲ್ಲಿ ಮೊಮ್ಮಗಳ ಪುಸ್ತಕವಿತ್ತು. ತೆರೆದಳು. ಮೊದಲ ಪುಟದ ತುದಿಯಲ್ಲಿ ಮೇಷ್ಟ್ರ ಕೆಂಪು ಶಾಯಿ: ದೊಡ್ಡ ಪದ ಮೊದಲು. ಕೆಳಗೆ ಮಗುವಿನ ಪದಗಳು, ಅದೇ ಕ್ರಮ. ಅಕ್ಷರವೂ ಆಗಲೇ ತಾತನದರ ಕಡೆ ವಾಲುತ್ತಿತ್ತು.

"ಸರ್, ಈ ಕ್ರಮ ಅವರು ಮಕ್ಕಳಿಗೆ ಹಾಕಿದ ಕಟ್ಟಳೆ. ಅವರೇ ಅದನ್ನ ಪಾಲಿಸ್ತಿರ್ಲಿಲ್ಲ. ಅವರ ಅಕ್ಷರದಲ್ಲಿ, ಈ ಕ್ರಮದಲ್ಲಿ, ಅರ್ಧ ಗಂಟೇಲಿ ನಲವತ್ತಾರು ಪದ ಬರೆಯೋರು ಒಬ್ರೇ, ಅವರ ಹತ್ರ ಕಲಿತ ಮಗಳು. ಎಂಟೂವರೆ ಒಳಗೆ ಕೊಂದು ಹೋದ್ರು. ವಾಪಸ್ ಬಂದು ಲಕೋಟೆ ಒಡೆದು ಪಟ್ಟಿ ಬರೆದ್ರು."

ಮಗಳು ಕಣ್ಣೊರೆಸುವುದನ್ನು ನಿಲ್ಲಿಸಿದಳು.

"ಅಪ್ಪ ಬರೆಯೋದನ್ನ ನಾನು ಒಂದು ದಿನವೂ ನೋಡಿಲ್ಲ. ನನ್ನನ್ನ ಗೋಡೆ ಕಡೆ ಮುಖ ಮಾಡಿಸಿ ಕೂರಿಸ್ತಿದ್ದ. ಅವನೂ ಹಾಗೇ ಬರೀತಾನೆ ಅಂದ್ಕೊಂಡಿದ್ದೆ." ಬೆರಳ ಗೆಣ್ಣು ಸವರಿಕೊಂಡಳು. "ಅಕ್ಷರ ಅವನ ಥರ ಆಗೋವರೆಗೆ ರೂಲರ್ ಏಟು. ಒಂದು ಪದ ಬಿಟ್ರೆ ಒಂದು ಹೊತ್ತು ಊಟ ಇಲ್ಲ. ನಿನ್ನೆ ರಾತ್ರಿ ನನ್ನ ಮಗಳು ಹಸಿದು ಮಲಗಿದ್ಲು."

"ಪಾಪ, ಈ ಕೆಲಸದವಳನ್ನ ಯಾಕೆ ಸಿಕ್ಕಿಸಿದ್ರಿ?" ಕರಡು ತಿದ್ದುವಾಕೆ ಕೇಳಿದಳು.

"ಯಾರಾದ್ರೂ ಬೇಕಿತ್ತಲ್ಲ."

* * *

ಪೊಲೀಸಿನವಳು ಕೈ ಹಿಡಿದು ಎಬ್ಬಿಸಿದಾಗ ಮಗಳು ಕೆಲಸದಾಕೆಯ ಕಡೆ ತಿರುಗಿದಳು. ದನಿಯಲ್ಲಿ ಎಂದಿನ ಯಜಮಾನಿಕೆ.

"ಮೂರಕ್ಕೆ ಸ್ಕೂಲ್ ಬಿಡುತ್ತೆ. ಮಗೂನ ಕರ್ಕೊಂಡು ಬಾ."

ಕೆಲಸದಾಕೆ ಸೆರಗಿನಿಂದ ಕೆನ್ನೆ ಒತ್ತಿಕೊಂಡಳು.

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಕ್ಕಾ," ಅಂದಳು. ಚಪ್ಪಲಿ ಮೆಟ್ಟಿ ಹೊರಟುಹೋದಳು.