ಮುಖ ನೋಡದ ಪೈಲ್ವಾನ

"ಈ ಕಡೆ ತಿರುಗಿ ಕೂತ್ಕೊಳ್ಳಿ!"

ಶಿವಗಂಗಾ ಎರಡನೇ ಸಲ ಹೇಳಿದಳು. ಸ್ಟೂಲಿನ ಮೇಲೆ ಕೂತಿದ್ದ ಆಳು ಕದಲಲಿಲ್ಲ. ಬಾಗಿಲಲ್ಲೇ ತಲೆ ತಗ್ಗಿಸಿಕೊಂಡು ಬಂದವನು, ನೇರವಾಗಿ ಹೋಗಿ ಗೋಡೆಗೆ ಮುಖ ಮಾಡಿ ಕೂತಿದ್ದ. ಅವಳಿಗೆ ಕಾಣುತ್ತಿದ್ದದ್ದು ಬರೀ ಬೆನ್ನು. ಅದೆಂಥ ಬೆನ್ನು! ಕಿಟಕಿಯ ಬೆಳಕೇ ಅರ್ಧ ಮರೆಯಾಗಿತ್ತು.

"ಬಲಗಡೆ ಭುಜ, ಅಮ್ಮಾವ್ರೆ. ಎಲ್ಡು ಸಲ ಕೀಲು ತಪ್ಪೈತೆ. ದೊಡ್ಡಾಸ್ಪತ್ರೆ ಡಾಕ್ಟ್ರು ಕೂರಿಸಿ, ಇನ್ನು ಇಲ್ಲಿಗೆ ಹೋಗು ಅಂದ್ರು," ಎಂದ, ಗೋಡೆಗೆ.

"ನೀವು ಮಾತಾಡ್ತಾ ಇರೋದು ನನ್ನ ಹತ್ರಾನೋ, ಗೋಡೆ ಹತ್ರಾನೋ?"

"ನಿಮ್ಮತ್ರಾನೇ."

"ಹಾಗಾದ್ರೆ ತಿರುಗಿ."

"ಆಗಾಕಿಲ್ಲ ಅಮ್ಮಾವ್ರೆ..."

ಯಾಕೆ ಆಗುವುದಿಲ್ಲ ಎಂದು ಅವನು ಹೇಳಲಿಲ್ಲ. ಶಿವಗಂಗಾಳ ಕಿವಿ ಬಿಸಿಯಾಯಿತು. ಪಕ್ಕದ ಕೋಣೆಯಲ್ಲಿ ಔಷಧಿ ಬೆರೆಸುತ್ತಿದ್ದ ಕಾಂಪೌಂಡರ್ ಪದ್ಮನಾಭಯ್ಯ ಕೆಮ್ಮಿದರು. ನಗು ಮುಚ್ಚಿಕೊಳ್ಳುವ ಕೆಮ್ಮು ಅದು!

ಅವಳ ಕೋಪಕ್ಕೆ ಕಾರಣವಿತ್ತು. ಐವತ್ತರ ದಶಕದ ರಾಜಾಜಿನಗರ ಆಗಿನ್ನೂ ಕೆಂಪು ಮಣ್ಣಿನ ರಸ್ತೆಗಳ, ಅರ್ಧ ಕಟ್ಟಿ ನಿಲ್ಲಿಸಿದ ಮನೆಗಳ ಬಡಾವಣೆ. ಬೊಂಬಾಯಿಯಲ್ಲಿ ಫಿಸಿಯೋಥೆರಪಿ ಓದಿ ಬಂದ ಶಿವಗಂಗಾಳಿಗೆ ಅಲ್ಲಿನ ಧರ್ಮಾಸ್ಪತ್ರೆಯ ಹಿಂದಿನ ಕೋಣೆ ಸಿಕ್ಕಿತ್ತು. ಒಂದು ಬಿಸಿ ದೀಪ, ಕೈ ಎಳೆಯುವುದಕ್ಕೆ ರಾಟೆ ಮತ್ತು ಹಗ್ಗ, ಒಂದು ಮಂಚ... ಅಷ್ಟೇ ಆಸ್ತಿ. ಫಿಸಿಯೋಥೆರಪಿ ಎಂಬ ಪದ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. 'ಮಾಲೀಸು ಡಾಕ್ಟ್ರಮ್ಮ' ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದರು.

ಅದನ್ನಾದರೂ ನುಂಗಬಹುದಿತ್ತು. ಆದರೆ ಮೊನ್ನೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು, "ಗಂಡಸರ ಮೈ ಮುಟ್ಟೋ ಕೆಲಸವಂತೆ" ಎಂದು ತಿಳಿದದ್ದೇ ಉಪ್ಪಿಟ್ಟನ್ನು ಹಾಗೇ ಬಿಟ್ಟು ಎದ್ದು ಹೋಗಿದ್ದರು. ಅಪ್ಪ ಶಿವಬಸಪ್ಪನವರು ಆ ದಿನವಿಡೀ ಯಾರೊಂದಿಗೂ ಮಾತಾಡಿರಲಿಲ್ಲ.

'ಈಗ ಇವನೂ ಒಬ್ಬ! ನನ್ನ ಕೈ ಬೇಕು, ಮುಖ ಮಾತ್ರ ಬೇಡ!'

ಹಲ್ಲು ಕಚ್ಚಿಕೊಂಡೇ ಅವನ ಭುಜದ ಮೇಲೆ ಕೈಯಿಟ್ಟಳು. ಕೋಪ ಎಷ್ಟಿದ್ದರೂ ಕೈ ತನ್ನ ಕೆಲಸ ಮರೆಯಲಿಲ್ಲ. ತೋಳನ್ನು ಮೆಲ್ಲಗೆ ಪಕ್ಕಕ್ಕೆ ಎತ್ತಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಆ ಬೆಟ್ಟದಂಥ ಮೈ ಇಡಿಯಾಗಿ ಬಿಗಿದುಕೊಂಡಿತು.

"ಹೆದರಿಕೆ ಆಯ್ತಾ?"

"ಊಂ..." ಎಂದ. ದನಿ ತಗ್ಗಿಸಿ, "ಯಾರ್ಗೂ ಹೇಳ್ಬೇಡಿ ಅಮ್ಮಾವ್ರೆ."

ಅವಳಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಅವನ ಹೆಸರು ಕೆಂಪಯ್ಯ, ಅತ್ತಿಗುಪ್ಪೆಯವನು. ರಾಗಿ ಹೊಲ ಇತ್ತು, ತಾಯಿ ಇದ್ದಳು, ತಂದೆ ಇರಲಿಲ್ಲ. ಕುಸ್ತಿ ಗುರು ಅಂಜಿನಯ್ಯ ವಸ್ತಾದರ ಗರಡಿಯಲ್ಲಿ ಪಳಗಿದ ಪೈಲ್ವಾನ. ಯುಗಾದಿಯ ಕುಸ್ತಿಗೆ ಆ ಗರಡಿಯಿಂದ ಇಳಿಯುವವನು ಅವನೇ.

"ಯುಗಾದಿಗೆ ಈ ಭುಜ ತಯಾರಾಗಲ್ಲ," ಎಂದು ಅವಳು ಮೊದಲ ದಿನವೇ ಹೇಳಿಬಿಟ್ಟಳು.

"ನೀವ್ ತಯಾರ್ ಮಾಡ್ತೀರಿ," ಎಂದ ಅವನು ಗೋಡೆಗೆ.

ಬಿಟ್ಟೂ ಬಿಡದೆ ಬಂದ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಅಂಗೈಯಿಂದ ಹೊಟ್ಟೆಯನ್ನು ತಳ್ಳು ಎಂದರೆ ತಳ್ಳಿದ. ಮುಂದಕ್ಕೆ ಬಾಗಿ ಕೈಯನ್ನು ಸುಮ್ಮನೆ ಜೋಲಾಡಿಸು ಎಂದರೆ, "ಹಸು ಬಾಲ ಬೀಸ್ದಂಗಾ?" ಎಂದು ಕೇಳಿ ಜೋಲಾಡಿಸಿದ. ಗರಡಿಯಲ್ಲಿ ಗದೆ ತಿರುಗಿಸಿದ ಕೈಗೆ ಇದೆಂಥ ಮಕ್ಕಳಾಟ ಎಂದು ಒಂದು ದಿನವೂ ಗೊಣಗಲಿಲ್ಲ.

ಬೊಂಬಾಯಿಯ ಸಮುದ್ರ ಹೇಗಿರುತ್ತದೆ, ಅಲ್ಲಿ ಒಬ್ಬಳೇ ಇದ್ದಾಗ ಅಳು ಬರುತ್ತಿತ್ತೇ ಎಂದು ಕೇಳಿದ. ಅಳು ಬರುತ್ತಿತ್ತೇ ಎಂದು ಅವಳನ್ನು ಅದುವರೆಗೆ ಮನೆಯವರೂ ಕೇಳಿರಲಿಲ್ಲ.

"ಬರ್ತಿತ್ತು," ಎಂದಳು, ಅವನ ಬೆನ್ನಿಗೆ.

ಅವನು ಮೆತ್ತಗೆ, "ನಾನಿದ್ದಿದ್ರೆ ಹತ್ತಿರ ಕೂತಿರ್ತಿದ್ದೆ," ಎಂದ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಸಂಕಟ! ಅನ್ನ ಸೇರದು, ಓದಲು ಕೂತರೆ ಸಾಲು ದಾಟದು. ಅವನು ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುವುದು. ಬಂದವನು ಗೋಡೆಗೆ ಮುಖ ಮಾಡಿ ಕೂತ ತಕ್ಷಣ ಅದೇ ಎದೆ ಉರಿಯುವುದು. ಇಷ್ಟು ಮೃದುವಾಗಿ ಮಾತಾಡುವವನು ಒಂದೇ ಒಂದು ಸಲ ತಿರುಗಿ ನೋಡಬಾರದೇ? ನನ್ನ ಮುಖದಲ್ಲಿ ಅಂಥದ್ದೇನಿದೆ? ಅಥವಾ ಇವನಿಗೂ ನಾನು ಗಂಡಸರ ಮೈ ಮುಟ್ಟುವ ಹೆಂಗಸು ಅಷ್ಟೆಯೋ?

ಒಂದು ಸಂಜೆ ಮಾಗಡಿ ರಸ್ತೆಯಲ್ಲಿ ಹೂವು ಕೊಳ್ಳುತ್ತಿದ್ದಾಗ ಅವನು ಸೈಕಲ್ ತಳ್ಳಿಕೊಂಡು ಬರುತ್ತಿರುವುದು ಕಂಡಿತು. ಅವಳಿಗೆ ತಡೆಯಲಾಗಲಿಲ್ಲ.

"ಕೆಂಪಯ್ಯನೋರೆ!"

ಅವನ ಕಾಲು ನಿಂತಿತು. ಮರುಗಳಿಗೆಯೇ ಸೈಕಲ್ ಬಿಟ್ಟು, ಪಕ್ಕದ ಎಣ್ಣೆ ಅಂಗಡಿಯ ಗೋಡೆಗೆ ಮುಖ ಒತ್ತಿ ನಿಂತುಬಿಟ್ಟ. ಬೀದಿಯ ಮಧ್ಯೆ! ಸೈಕಲ್ ದಡಾರನೆ ಬಿತ್ತು. ಹೂವಿನವಳು ನಕ್ಕಳು. ಅಂಗಡಿಯವನು, "ಏನಮ್ಮಾ, ನಿನ್ನ ಕಂಡ್ರೆ ಪೈಲ್ವಾನ್ರೂ ನಡುಗ್ತಾರೆ!" ಎಂದ.

ಶಿವಗಂಗಾ ಹೂವನ್ನು ಅಲ್ಲೇ ಬಿಟ್ಟು ನಡೆದಳು. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ.

ಮರುದಿನ ಅವನು ಬಂದಾಗ ಅವಳು ಕುರ್ಚಿಯಿಂದ ಏಳಲಿಲ್ಲ.

"ಇನ್ನು ಮೇಲೆ ಬರಬೇಡಿ."

"ಅಮ್ಮಾವ್ರೆ, ನಿನ್ನೆ ಬೀದೀಲಿ..."

"ಹೆಂಗಸಿನ ಮುಖ ನೋಡೋಕೆ ಹೇಸೋರು ಹೆಂಗಸಿನ ಕೈಲಿ ಔಷಧಿ ಮಾಡಿಸ್ಕೋಬಾರ್ದು. ನಿಮ್ಮ ಗರಡೀಲೇ ಎಣ್ಣೆ ಹಚ್ಚಿಸ್ಕೊಳ್ಳಿ. ಹೋಗಿ!"

ಅವನು ತಗ್ಗಿಸಿದ ತಲೆಯಲ್ಲೇ ಹೊರಟ. ಬಾಗಿಲು ದಾಟುವಾಗ ಆ ಬಲಭುಜ ಒಮ್ಮೆ ಅದುರಿದ್ದನ್ನು ಅವಳು ಕಂಡಳು. ಕಂಡೂ ಕರೆಯಲಿಲ್ಲ... ಅಭಿಮಾನ ಎನ್ನುವುದು ಎಂಥ ಹಾಳು ವಸ್ತು!

ಅವನು ಮತ್ತೆ ಬರಲಿಲ್ಲ.

ಯುಗಾದಿಯ ಹಿಂದಿನ ದಿನ, ಆಸ್ಪತ್ರೆಯ ಆಯಾ ರಾಮಕ್ಕ ಮಗಳ ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದಳು. ಕಸ ಗುಡಿಸುತ್ತಾ ಗುಡಿಸುತ್ತಾ ಪದ್ಮನಾಭಯ್ಯನವರಿಂದ ಎಲ್ಲ ಸುದ್ದಿಯನ್ನೂ ಕೇಳಿ ತಿಳಿದಳು. ಕೇಳಿದವಳೇ ಪೊರಕೆ ಬಿಸಾಕಿ ಓಡಿ ಬಂದಳು.

"ಅಯ್ಯೋ ನನ್ನವ್ವಾ, ಎಂಥಾ ಕೆಲ್ಸ ಮಾಡ್ಬಿಟ್ರಿ! ನಾನೂ ಅತ್ತಿಗುಪ್ಪೆಯೋಳೇ. ಆ ಗರಡಿ ಕಟ್ಟಳೆ ನಂಗೊತ್ತಿಲ್ವಾ? ಕುಸ್ತಿ ಒಪ್ಕೊಂಡು ಹನುಮಪ್ಪನ್ ಮುಂದೆ ಲಂಗೋಟಿ ಕಟ್ಟಿದೋನು, ಕುಸ್ತಿ ಮುಗಿಯೋಗಂಟ ಹೆತ್ತವ್ವನ್ನ ಬಿಟ್ಟು ಇನ್ಯಾವ ಹೆಂಗ್ಸಿನ್ ಮಖಾನೂ ನೋಡಂಗಿಲ್ಲ!"

ಶಿವಗಂಗಾಳ ಕೈಯಲ್ಲಿದ್ದ ಹಗ್ಗ ಜಾರಿತು. "ಮತ್ತೆ... ನನ್ನ ಹತ್ರ ಬರ್ತಿದ್ದದ್ದು?"

"ಔಸ್ದಿಗೆ ಮುಟ್ಟುದ್ರೆ ದೋಸ ಇಲ್ಲ ಅಂತ ವಸ್ತಾದ್ರೇ ಕಳ್ಸಿರ್ತಾರೆ. ಮಖ ಮಾತ್ರ ನೋಡಂಗಿಲ್ಲ."

"ಒಂದು ಮಾತು ಹೇಳಬಾರ್ದಾಗಿತ್ತಾ ರಾಮಕ್ಕಾ!"

"ಗೊತ್ತಿಲ್ದೋರ್ಗೆ ತನ್ನ ಬಾಯಿಂದ ಹೇಳ್ಕೊಂಡ್ರೂ ವ್ರತ ಕೆಟ್ಟಂಗೇ ಕಣವ್ವ."

ಶಿವಗಂಗಾ ಮಂಚದ ಮೇಲೆ ಕೂತಳು. ಹೇಸಿಗೆಯಲ್ಲ, ತಿರಸ್ಕಾರವಲ್ಲ... ಮಾತು ಕೊಟ್ಟಿದ್ದ, ಅಷ್ಟೆ. ವ್ರತ ಅವನ ಬಾಯಿ ಕಟ್ಟಿದ್ದ ಹೊತ್ತಿನಲ್ಲೇ ತಾನು ಅವನನ್ನು ಬೈದು ಅಟ್ಟಿದ್ದಳು. ಅದೂ ಅರ್ಧ ವಾಸಿಯಾದ ಭುಜದೊಂದಿಗೆ! ನಾಳೆ ಅವನು ಕಣಕ್ಕೆ ಇಳಿಯುತ್ತಾನೆ. ಎದುರಾಳಿ ಆ ತೋಳನ್ನು ಹಿಡಿದು ಒಮ್ಮೆ ತಿರುವಿದರೆ ಸಾಕು. ಕೀಲು ಮೂರನೇ ಸಲ ತಪ್ಪಿ, ನರ ಹರಿದರೆ, ಕೈ ಜೀವನವಿಡೀ ಜೋತಾಡುತ್ತದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಓಡಿ ಜಟಕಾ ನಿಲ್ಲಿಸಿದಳು.

ಇವತ್ತು ಮೆಟ್ರೋ ನಿಲ್ಲುವ ಅತ್ತಿಗುಪ್ಪೆ ಆಗ ಹೊಲಗಳ ನಡುವಿನ ಹಳ್ಳಿ. ದಾರಿಯುದ್ದಕ್ಕೂ, 'ಬೇಗ... ಇನ್ನೂ ಬೇಗ...' ಎಂದು ಅವಳ ಜೀವ ಕುದುರೆಗಿಂತ ಮುಂದೆ ಓಡುತ್ತಿತ್ತು. ಗರಡಿಯ ಗಿಡ್ಡ ಬಾಗಿಲ ಮುಂದೆ ಇಳಿದಾಗ ಒಳಗಿನಿಂದ ತೊಡೆ ತಟ್ಟುವ ಸದ್ದು ಕೇಳಿಸಿತು. ಹೆಂಗಸರು ಆ ಹೊಸ್ತಿಲು ದಾಟುವಂತಿಲ್ಲ. ಅವಳು ದಾಟಲಿಲ್ಲ. ಹೊರಗೆ ನಿಂತೇ ಕೂಗಿದಳು.

ಅಂಜಿನಯ್ಯ ವಸ್ತಾದರು ಹೊರಬಂದರು. ಎಪ್ಪತ್ತರ ಹತ್ತಿರದ ಮುದುಕರು. ಕಿವಿಗಳೆರಡೂ ಮುದುಡಿ ಗಂಟಾಗಿದ್ದವು.

"ನಾಳೆ ಅವರನ್ನ ಇಳಿಸಬೇಡಿ ವಸ್ತಾದ್ರೆ. ಕೈ ಹೋಗುತ್ತೆ."

"ನಾನೂ ಬ್ಯಾಡ ಅಂದೆ ಕಣ್ ತಾಯಿ. ಕೇಳ್ಲಿಲ್ಲ. ದ್ಯಾವರ ಮುಂದೆ ಮಾತು ಕೊಟ್ಟೋನ್ನ ನಾನು ತಡ್ಯಂಗಿಲ್ಲ. ವ್ರತ ಹೆಂಗಾರ ಮುರುದ್ರೆ ಅವ್ನಿಗೆ ಕುಸ್ತಿ ಇಲ್ಲ. ಆದ್ರೆ ಆಮ್ಯಾಕೆ ಈ ಗರಡಿ ಮಣ್ಣೂ ಅವ್ನಿಗಿಲ್ಲ. ಬದ್ಲಿ ಇಳಿಯೋರು ಬೇರೆ ಅವ್ರೆ. ಕುಸ್ತಿ ನಿಲ್ಲಾಕಿಲ್ಲ, ಅವ್ನ್ ಗರಡಿ ಬಾಳು ನಿಂತೋಗ್ತದೆ." ಅವಳ ಮುಖವನ್ನು ಒಂದು ಗಳಿಗೆ ನೋಡಿ, ಒಳಕ್ಕೆ ತಿರುಗಿ ಕೂಗಿದರು: "ಲೋ ಕೆಂಪಾ! ಡಾಕ್ಟ್ರಮ್ಮ ಬಂದವ್ರೆ. ಮಾತಾಡಿ ಕಳ್ಸು."

ಕೆಂಪಯ್ಯ ಮೈಮೇಲಿನ ಕೆಮ್ಮಣ್ಣಿನೊಂದಿಗೆ ಬಂದ. ಬಂದವನು ಹೊಂಗೆಮರದ ಬೊಡ್ಡೆಗೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು ನಿಂತ. ಈಗ ಆ ಬೆನ್ನನ್ನು ಕಂಡು ಅವಳಿಗೆ ಸಿಟ್ಟು ಬರಲಿಲ್ಲ.

"ನನಗೆ ಗೊತ್ತಿರಲಿಲ್ಲ... ತಪ್ಪಾಯ್ತು."

"ನಿಮ್ದೇನ್ ತಪ್ಪಿಲ್ಲ ಅಮ್ಮಾವ್ರೆ."

"ಕೈ ಪಕ್ಕಕ್ಕೆ ಎತ್ತಿ."

ಎತ್ತಿದ. ಅದೇ ಅರ್ಧಕ್ಕೆ, ಮೊದಲ ದಿನದ ಜಾಗದಲ್ಲೇ, ಮೈ ಬಿಗಿದುಕೊಂಡಿತು.

"ಇದನ್ನ ಇಟ್ಕೊಂಡು ಇಳೀತೀರಾ? ಹಟಾನಾ ನಿಮಗೆ? ಹೆಸರು ಬೇಕಾ?"

"ಹೆಸ್ರು ಕಟ್ಕೊಂಡ್ ಏನ್ಮಾಡ್ಲಿ?" ಅವನ ದನಿ ಒಡೆಯಿತು. "ನಾಳೆ ಕುಸ್ತಿ ಮುಗ್ದ್ರೆ ವ್ರತ ಮುಗೀತದೆ. ಸೀದಾ ನಿಮ್ ಕ್ವಾಣೆಗೆ ಬಂದು ಮೊದ್ಲು ನಿಮ್ ಮಖ ನೋಡ್ಬೇಕು, ಹೇಸಿಗೆ ಅಲ್ಲ ಅಂತ ಹೇಳ್ಬೇಕು ಅಂತಿದ್ದೆ. ಅದುಕ್ಕೇ ಆ ದಿನ ಬೇಗ ಬರ್ಲಿ ಅಂತ ಕಾಯ್ತಾ ಇದೀನಿ."

ಶಿವಗಂಗಾ ಮರದ ಕಡೆ ನೋಡಿದಳು.

ಅವನ ಮುಂದಕ್ಕೆ ಹೋಗಲು ಎಷ್ಟು ದೂರ? ಮರವನ್ನು ಒಂದು ಸುತ್ತು ಬಳಸಿದರೆ ಮುಗಿಯಿತು. ಅವನು ಬೇಡವೆಂದರೂ ಅವಳ ಮುಖ ಅವನ ಕಣ್ಣಿಗೆ ಬೀಳುತ್ತದೆ. ವ್ರತ ಮುರಿಯುತ್ತದೆ, ಕುಸ್ತಿ ತಪ್ಪುತ್ತದೆ, ಕೈ ಉಳಿಯುತ್ತದೆ. ಅವಳ ಕಾಲು ಎದ್ದೂ ಬಿಟ್ಟಿತು. ಒಣಗಿದ ಎಲೆ ಚರಕ್ಕೆಂದಿತು...

ಅಲ್ಲೇ ನಿಂತಳು.

"ಯಾಕ್ ನಿಂತ್ರಿ?" ಎಂದ ಅವನು. ಅವನಿಗೆ ಎಲ್ಲ ತಿಳಿದಿತ್ತು.

"ಮಾತು ಕೊಟ್ಟಿದ್ದು ನೀವು. ಅದನ್ನ ನಾನು ಮುರಿದ್ರೆ ನಿಮ್ಮ ಕೈ ಉಳಿಯುತ್ತೆ, ನೀವು ನನ್ನನ್ನ ಜನ್ಮದಲ್ಲಿ ನಂಬಲ್ಲ." ಅಳು ನುಗ್ಗಿ ಬಂತು. ತಡೆಯಲಿಲ್ಲ. "ನಾನು ಬರಲ್ಲ ಮುಂದೆ. ಕೇಳ್ಕೋತೀನಿ ಅಷ್ಟೆ. ಬೊಂಬಾಯಲ್ಲಿ ಕಲಿತದ್ದು, ನರ, ಕೀಲು, ಎಲ್ಲ ಆಮೇಲೆ ಹೇಳ್ತೀನಿ. ನನಗೆ ನೀವು ಬೇಕು ಕೆಂಪಯ್ಯ. ಗೆದ್ದು ಬಂದ ಪೈಲ್ವಾನ ಅಲ್ಲ. ಎರಡು ಕೈ ಇರೋ ನೀವು. ತಿರುಗಿ... ನಿಮಗೆ ಬೇಕು ಅನ್ಸಿದ್ರೆ ಮಾತ್ರ."

ಗರಡಿಯೊಳಗೆ ಸದ್ದು ನಿಂತಿತ್ತು. ಬಾಗಿಲಲ್ಲಿ ವಸ್ತಾದರು ಕಲ್ಲಾಗಿ ನಿಂತಿದ್ದರು.

ಕೆಂಪಯ್ಯ ಮರದ ಬೊಡ್ಡೆಗೆ ಹಣೆ ಒತ್ತಿದ. ಹುಡುಗನಾಗಿದ್ದಾಗಿನಿಂದ ಮೆಟ್ಟಿದ ಮಣ್ಣು ಅದು. ಸತ್ತ ತಂದೆಯ ಜಾಗದಲ್ಲಿ ನಿಂತು ಬೆಳೆಸಿದ ಗುರು ಅವರು. ಆ ಬೆನ್ನು ಏಳುತ್ತಾ ಬೀಳುತ್ತಾ ಇದ್ದದ್ದನ್ನು ಶಿವಗಂಗಾ ನೋಡುತ್ತಲೇ ಇದ್ದಳು. ಬೇಡವೆಂದು ಹೇಳಿಬಿಡಲೇ? ಇಷ್ಟು ದೊಡ್ಡದನ್ನು ಕೇಳಲು ನಾನ್ಯಾರು?

ಅವನು ತಿರುಗಿದ.

ಕಣ್ಣೆತ್ತಿ, ನೇರವಾಗಿ ಅವಳ ಮುಖ ನೋಡಿದ. ಕೆಮ್ಮಣ್ಣು ಮೆತ್ತಿದ ಕೆನ್ನೆ, ಕೆಂಪೇರಿದ ಕಣ್ಣು. ಅವಳೂ ಅವನ ಮುಖವನ್ನು ಸರಿಯಾಗಿ ಕಂಡದ್ದು ಅದೇ ಮೊದಲು. ತಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನ, ಹೆದರಿದ ಮುಖ.

"ಕೆಂಪಾ..." ಎಂದರು ವಸ್ತಾದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಗುಳಿ ಬಿದ್ದ ಸದ್ದಿಗೆ ಕೆಂಪಯ್ಯನ ಮೈ ಬೆಚ್ಚಿತು. ಮುಚ್ಚಿದ ಬಾಗಿಲಿನ ಮುಂದೆ ಅಡ್ಡಬಿದ್ದು ಎದ್ದ.

ಇಬ್ಬರೂ ಹೊಲದ ಬದುವಿನ ಮೇಲೆ ಜಟಕಾದ ಕಡೆಗೆ ನಡೆದರು. ಅವನು ಮಾತ್ರ ದಾರಿ ನೋಡದೆ ಅವಳನ್ನೇ ನೋಡುತ್ತಿದ್ದ. ಎರಡು ಸಲ ಎಡವಿದ.

"ದಾರಿ ನೋಡ್ಕೊಂಡು ನಡೀರಿ! ಬಿದ್ದು ಆ ಭುಜ ಮುರ್ಕೋತೀರಿ."

"ಬಲು ಸಿಡುಕಿನ್ ಮಖ ಇರ್ತದೆ ಅಂದ್ಕೊಂಡಿದ್ದೆ."

"ಈಗ?"

"ಸಿಡುಕೇ," ಎಂದ. "ಆದ್ರೆ ಕಣ್ಣು ತೆಗ್ಯಾಕ್ ಆಗ್ತಿಲ್ಲ."

ಅವಳು ಅತ್ತುಕೊಂಡೇ ನಕ್ಕಳು. ಅವನ ಮುಖ ಮಾತ್ರ ಮತ್ತೆ ಬಾಡಿತು.

"ನಂಗೆ ಅಪ್ಪ ಇಲ್ಲ. ನಿಮ್ಮನೆಗೆ ಹೆಣ್ಣು ಕೇಳಾಕೆ ವಸ್ತಾದ್ರೇ ಬರ್ಬೇಕಿತ್ತು. ಇನ್ನವ್ರು ಬರಾಕಿಲ್ಲ. ನಿಮ್ ಜನಾನೇ ಬೇರೆ, ನಮ್ ಜನಾನೇ ಬೇರೆ. ನಿಮ್ ತಂದೆಯೋರ ಮುಂದೆ ನಾನು ಯಾರ್ನ ಕರ್ಕೊಂಡು ಬರ್ಲಿ?"

ಶಿವಗಂಗಾ ನಿಂತಳು. ಅಪ್ಪ ಸುಲಭಕ್ಕೆ ಒಪ್ಪುವವರಲ್ಲ. ಮನೆಯಲ್ಲಿ ಬಿರುಗಾಳಿ ಎದ್ದೇ ಏಳುತ್ತದೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಅವನ ಬಲಗೈಯನ್ನು ಜೋಪಾನವಾಗಿ ತನ್ನ ಕೈಗೆ ತೆಗೆದುಕೊಂಡಳು.

"ನನ್ನ ಕರ್ಕೊಂಡು ಬನ್ನಿ."

"ಹೆಣ್ಣು ಕೇಳಾಕೆ... ಹೆಣ್ಣನ್ನೇ ಕರ್ಕೊಂಡಾ?"

"ಹೂಂ. ನೀವು ಒಬ್ಬರೇ ಹೋದ್ರೆ ಅಪ್ಪ ಗದರಿದ ತಕ್ಷಣ ತಲೆ ತಗ್ಗಿಸಿಬಿಡ್ತೀರಿ. ನಾನು ಹತ್ತಿರ ಕೂತಿರ್ತೀನಿ."