ಮೆಹಂದಿಯ ಲಿಪಿ

"ನಮ್ಮ ಅಮ್ಮಿ ಕೈಯಾರೆ ಬರದು ಕೊಡ್ಲಿ, ಆಮ್ಯಾಲ ಮದುವಿ ಮಾತು."

ನಾಹೀದಾ ನಗುತ್ತಲೇ ಹೇಳಿದ್ದಳು. ಅವಳ ಅಮ್ಮಿ ಶಾಹಜಾದಬಿ ಹೆಬ್ಬೆಟ್ಟು ಒತ್ತುವವಳೆಂಬುದು ಮರಳಿ ಎಂಬ ಆ ಇಡೀ ಊರಿಗೇ ಗೊತ್ತು. ಗಂಗಾವತಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾಹೀದಾಳಿಗೆ, ಕೇಳಿದ ಕೂಡಲೇ ಹೂಂ ಅನ್ನಲು ನಾಚಿಕೆ. ಅದಕ್ಕೇ ಆ ಕೀಟಲೆ.

ಮದುವೆಯಾಗುವಿರಾ ಎಂದು ಕೇಳಿದ್ದ ಕನ್ನಡ ಮಾಸ್ತರ ಇಮ್ರಾನ ಅದನ್ನು ಅಕ್ಷರಶಃ ತೆಗೆದುಕೊಂಡ. ತಲೆಯಾಡಿಸಿ ಬೈಕ್ ಹತ್ತಿ ಹೋದವನು ಮತ್ತೆ ಫೋನ್ ಮಾಡಲಿಲ್ಲ, ಮೆಸೇಜೂ ಇಲ್ಲ. ನಕ್ಕು ಕಳಕೊಂಡೆನೇ ಎಂದು ಅವಳು ದಿನವೂ ಫೋನ್ ತೆರೆದು ನೋಡಿದಳು.

ಕೊನೆಗೊಂದು ಸಂಜೆ, ನೇರ ಹೂಂ ಅಂದೇಬಿಡುವುದೆಂದು ಅವನು ಊರ ಹೆಂಗಸರಿಗೆ ನಡೆಸುವ ಸಾಕ್ಷರತಾ ತರಗತಿಗೇ ನಡೆದಳು. ಕಿಟಕಿಯಲ್ಲಿ ಇಣುಕಿ ಬೆರಗಾದಳು. ಒಳಗೆ ಅಮ್ಮಿ! ಕೈಯಲ್ಲಿ ಮೆಹಂದಿ ಕೋನ್, ಮುಂದೆ ಬಾಳೆ ಎಲೆ.

"ಬಳಪ ಹಿಡಿದ್ರ ಕೈ ನಡಗ್ತಾವು ಮಾಸ್ತರ. ಇದನ್ನ ಹಿಡಿದ್ರ ಇಲ್ಲ."

"ನಡಗೂದಿಲ್ಲ ಚಾಚಿ. ಎಷ್ಟು ಮದುಮಕ್ಕಳ ಕೈ ತುಂಬ ಬಿಡಿಸೀರಿ! ಲಿಪಿ ಅಂದ್ರ ಮೊದಲ ಬಳಿಯೂದು, ಲೇಪ ಹಚ್ಚೂದು. ಪಾರ್ಸಿ ಕಡಿಂದ ಬಂದ ಮಾತು ಅನ್ನೋರೂ ಅದಾರ. ಹೆಂಗ ನೋಡಿದ್ರೂ ಅದು ನಿಮ್ಮ ಮನಿದ."

ಪಕ್ಕದಲ್ಲಿದ್ದ ಮುದಕಮ್ಮ ಕಿಟಕಿಯತ್ತ ನೋಡಿದಳು. "ಏ ಮಾಸ್ತರ, ಯಾರೋ ನಿಮ್ಮನ್ನ ಕಣ್ಣಾಗ ಬರಕೊಳ್ಳಾಕತ್ಯಾರ!"

ಹೆಂಗಸರೆಲ್ಲ ಗೊಳ್ಳೆಂದರು. ಇಮ್ರಾನನ ಕಿವಿ ಕೆಂಪಾಯಿತು.

"ಒಂದು ಫೋನರ ಮಾಡಬೇಕಿಲ್ಲೇನು?" ನಾಹೀದಾ ಒಳಬಂದಳು.

"ಬರದು ಕೊಟ್ಟ ಮ್ಯಾಲ ಮಾತು ಅಂದಿದ್ರೆಲ್ಲ."

"ಹಂಗಂತ ನನ್ನ ಮುಂದ ಬಂದು ಹೇಳ್ಯಾನ," ಅಮ್ಮಿ ನಡುವೆ ಬಂದಳು. "ಮೊದಲ ಬರಿಯಾಕ ಕಲಸು, ಒಪ್ಪೂದು ಬಿಡೂದು ಆಮ್ಯಾಲ ಅಂದೆ. ಕೈ ಕೊಡ ಬೇಟಿ."

ಏನು ಬರೆಯುತ್ತಾಳೆಂದು ಇಮ್ರಾನನಿಗೂ ಗೊತ್ತಿರಲಿಲ್ಲ. ಅವನು ಕತ್ತು ಚಾಚಿದ. ನಾಹೀದಾ ಬೇಕೆಂದೇ ಭುಜ ಅಡ್ಡ ಮಾಡಿದಳು. ತಣ್ಣನೆಯ ಗೆರೆ ಅಂಗೈಯಲ್ಲಿ ಸುತ್ತಿತು, ತಿರುಗಿತು, ನಿಂತಿತು. ಅವಳು ಓದಿದಳು. ಕಣ್ಣು ತುಂಬಿದವು. ಅವನ ಚಡಪಡಿಕೆಯನ್ನು ತುಸು ಹೊತ್ತು ಸವಿದು, ಮೆಲ್ಲಗೆ ಅಂಗೈ ಅವನತ್ತ ತಿರುಗಿಸಿದಳು.

"ಒಪ್ಪಿಗಿ ಐತಿ," ಇಮ್ರಾನ ಅಂಗೈ ಮೇಲಿನದನ್ನು ಗಟ್ಟಿಯಾಗಿ ಓದಿದ. "ಮತ್ತ... ನಿಮ್ಮದು?"

"ನಂದು ಅವತ್ತ ಇತ್ತು. ನೀವ ಬೈಕ್ ಹತ್ತಿ ಓಡಿದ್ರಿ."

ಮುದಕಮ್ಮ ಚಪ್ಪಾಳೆ ತಟ್ಟಿದಳು. ನಾಹೀದಾ ಅವನನ್ನು ಓರೆಗಣ್ಣಿನಲ್ಲಿ ನೋಡಿದಳು. "ಅಕ್ಷರ ಅಂದ್ರ ಅಳಿಯದ್ದು ಅಂತ ಕಲಸ್ತೀರಿ. ಇದು ಚರ್ಮದ ಮ್ಯಾಲಿನ ಪದರಿನಾಗಿನ ಬಣ್ಣ. ಪದರು ಉದುರಿದಂಗ ಹೋಗ್ತದ. ಎರಡು ವಾರ ಇದ್ರ ಭಾಳಾತು."

ಇಮ್ರಾನ ಗಾಬರಿಯಾದ. ಅಮ್ಮಿ ಕೋನಿನ ತುದಿಗೆ ಗುಂಡುಸೂಜಿ ಚುಚ್ಚಿ ಮುಚ್ಚಿದಳು.

"ಹಂಗಾದ್ರ ಅದು ಹೋಗೂದ್ರಾಗ ನಿಕಾ ಮುಗಸೂಣು."

ಅದನ್ನೂ ಅವನು ಅಕ್ಷರಶಃ ತೆಗೆದುಕೊಂಡ. ಆಗಲೇ ಫೋನ್ ತೆಗೆದು ತಂದೆ ಮಕ್ಬುಲಸಾಬರ ನಂಬರ್ ಒತ್ತುತ್ತಿದ್ದ.

ನಾಹೀದಾ ಈ ಸಲ ಕೀಟಲೆ ಮಾಡಲಿಲ್ಲ. ಅಂಗೈ ಬಿಚ್ಚಿಕೊಂಡೇ ನಿಂತಳು. ಮೆಹಂದಿ ಇನ್ನೂ ಹಸಿಯಿತ್ತು.