ಮಂಗ ಒಯ್ದ ಹಲ್ಲು

ವಿರೂಪಾಕ್ಷಿ ತನ್ನ ಸ್ವಂತ ದನಿಯಲ್ಲಿ ಮಾತಾಡಿದರೆ ಜನ ನಗುತ್ತಿದ್ದರು. ಸಿರುಗುಪ್ಪದ ಬಸ್ಸಿನಲ್ಲಿ ಟಿಕೆಟ್ ಕೇಳಿದರೂ ಅಷ್ಟೇ: "ಅಣ್ಣಾ, ಚಿದಾನಂದಪ್ಪನ ಐಟಂ ಭಾಳ ಚಲೋ ಮಾಡ್ತೀಯಲ್ಲ."

ಕುರುಗೋಡಿನ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮೇಷ್ಟ್ರುಗಳ ದನಿ ಕದಿಯಲು ಕಲಿತವರು ಇವರಿಬ್ಬರು. ಚಿದಾನಂದಪ್ಪ ಟಿವಿ ಸೇರಿದ. ವಿರೂಪಾಕ್ಷಿ ಸಿರುಗುಪ್ಪದಲ್ಲಿ ಆಟೋ ಮೈಕಿನ ಜಾಹೀರಾತುಗಳ ಪಾಲಾದ. ಇಪ್ಪತ್ತು ವರ್ಷಗಳಿಂದ ಚಿದಾನಂದಪ್ಪನಿಗೆ ಹೆಚ್ಚು ಚಪ್ಪಾಳೆ ತರುತ್ತಿದ್ದ ಐಟಂ 'ನಮ್ಮೂರ ಗೆಳೆಯ': ಮೂಗಿನಲ್ಲಿ ಎಳೆದ ಮಾತು, ನಡುವೆ ಸಣ್ಣ ತೊದಲು. ಅದು ವಿರೂಪಾಕ್ಷಿಯ ದನಿ. ಹೆಂಡತಿ ಸರೋಜಾ ತೀರಿಕೊಂಡ ದಿನ ಅವಳ ತಮ್ಮನಿಗೆ ಫೋನ್ ಮಾಡಿ ಸುದ್ದಿ ಹೇಳಿದಾಗ, ಯಾರೋ ತಮಾಷೆ ಮಾಡುತ್ತಿದ್ದಾರೆಂದು ಆತ ಕಿಸಕ್ಕನೆ ನಕ್ಕಿದ್ದ.

ಆ ನಗೆಗೆ ಈಗ ಲೆಕ್ಕ ತೀರುವ ಹೊತ್ತು. ಚಿದಾನಂದಪ್ಪನಿಗೆ ಬಳ್ಳಾರಿಯಲ್ಲಿ ಸಂಜೆ ಆರಕ್ಕೆ ಸನ್ಮಾನ, ಆಮೇಲೆ ಪ್ರದರ್ಶನ. ಅವನ ಹಲ್ಲು ಅಷ್ಟೂ ಕಟ್ಟಿಸಿದವು; ಅದನ್ನು ಅವನೇ ಟಿವಿಯಲ್ಲಿ ಹೇಳಿ ನಗಿಸಿದ್ದ. ಹಲ್ಲಿಲ್ಲದ ಬಾಯಿಗೆ ಯಾರ ದನಿಯೂ ಕೂರುವುದಿಲ್ಲ. ಒಂದು ಸಂಜೆಯಾದರೂ ಅವನ ಬಾಯಲ್ಲಿ ತಾನಿರಬಾರದು. ವಿರೂಪಾಕ್ಷಿಗೆ ಬೇಕಿದ್ದದ್ದು ಅಷ್ಟೇ.

ಸಂಘಟಕರ ದನಿಯಲ್ಲಿ ಫೋನ್ ಮಾಡಿ ವಿಚಾರಿಸಿದ. ಪಾರ್ವತಿನಗರದ ಹೋಟೆಲ್ಲು, ಐದನೇ ನಂಬರು. ಒಂದು ದಿನ ಮೊದಲೇ ಹೋಗಿ ಆರನೇ ನಂಬರು ಹಿಡಿದ, ತನ್ನದೇ ಹೆಸರಿನಲ್ಲಿ. ಸುಳ್ಳು ಹೆಸರು ಕೊಡುವವರು ದಡ್ಡ ಕಳ್ಳರು.

ಎಂಟೇ ಕೋಣೆಯ ಹೋಟೆಲ್ಲು. ಹಳೇ ಮರದ ಕಂಬಗಳು, ಪ್ರತಿ ಹೊಸ್ತಿಲಿಗೂ ದಿನಾ ಅರಿಶಿನ ಕುಂಕುಮ. ರಿಸೆಪ್ಷನ್ನಿನ ಮೌನಿಕಾ ಜೀನ್ಸ್ ಬಟ್ಟೆಯ ಎರಡು ಜೊತೆ ಚಪ್ಪಲಿ ತಂದಳು.

"ನಮ್ಮ ಬಳ್ಳಾರಿ ಜೀನ್ಸ್ ಸಾರ್. ಒಂದರ ಮ್ಯಾಲೆ ನಿಮ್ಮ ಹೆಸರು ಹೊಲಿಸೀವಿ. ಇನ್ನೊಂದಕ್ಕ ಮೇಡಂ ಹೆಸರು ಏನಂತ ಹೊಲಿಸೂಣ್ರಿ?"

"ಅದು ಹಂಗ ಖಾಲಿ ಇರ್ಲಿ ಬಿಡವ್ವಾ."

ಅವನ ದನಿ ಕೇಳಿ ಅವಳು ನಗಲಿಲ್ಲ. ಅದೊಂದಕ್ಕೇ ಹೋಟೆಲ್ಲು ಅವನಿಗೆ ಹಿಡಿಸಿತು. ಹೊಸ ಚಪ್ಪಲಿಯನ್ನು ಕೋಣೆಯ ಹೊರಗೇ ಬಿಟ್ಟಾಗ ಮಾತ್ರ ಅವಳ ತುಟಿ ಅರಳಿತು: "ಒಳಗ ಹಾಕ್ಕೊಳ್ಳಾಕ ಕೊಟ್ಟೀವಿ ಸಾರ್."

ರಾತ್ರಿ ಅಭಿಪ್ರಾಯದ ಚೀಟಿ ತುಂಬುತ್ತ ಕೂತ. ದೂರು ಹೇಳುವ ಅತಿಥಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸ್ನಾನ: ಬಿಸಿನೀರಿಗೆ ಅರ್ಧ ತಾಸು ಕಾದೆ. ತಿಂಡಿ: ಮಂಡಕ್ಕಿ ಒಗ್ಗರಣೆ ರುಚಿ, ಆದರೆ ಅಷ್ಟು ದೊಡ್ಡ ಪಿಂಗಾಣಿ ತಟ್ಟೆಯಲ್ಲಿ ಎರಡೇ ಮಿರ್ಚಿ. ಹಾಸಿಗೆ: ಬಹಳ ಮೆತ್ತಗಿದೆ, ಎಂದು ಬರೆದು ನಿಲ್ಲಿಸಿದ. ಇಬ್ಬರ ಹಾಸಿಗೆಯಲ್ಲಿ ಒಬ್ಬನೇ ಮಲಗಿದರೆ ನಡುರಾತ್ರಿ ಕೈ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಚೀಟಿಯಲ್ಲಿ ಜಾಗವಿರಲಿಲ್ಲ.

ದಾರಿ ತೋರಿಸಿದವನು ಎಣ್ಣೆ ಮಾಲೀಸಿನ ಸುಂಕಣ್ಣ. ವಿರೂಪಾಕ್ಷಿಯ ಬೆನ್ನು ತಿಕ್ಕುತ್ತ ಹೇಳಿದ್ದ: "ನಾಳೆ ಮೂರಕ್ಕ ಚಿದಾನಂದಪ್ಪಾರಿಗೆ ಮಾಲೀಸು ಐತ್ರಿ. ವಾಚು, ಉಂಗುರ, ಹಲ್ಲಿನ ಸೆಟ್ಟು, ಎಲ್ಲಾ ರೂಮ್‌ನಾಗ ಇಟ್ಟು ಬರ್ರಿ ಅಂತ ಹೇಳೀನಿ. ಮಾರಿ ತಿಕ್ಕೂವಾಗ ತೊಂದರಿ ಆಕ್ಕತಿ."

ಅಪರಾಧಿಯೂ ತಯಾರಿದ್ದ. ಬಾಲ್ಕನಿಯ ಎದುರಿನ ಬೇವಿನ ಮರದ ತುಂಬ ಮಂಗಗಳು. ಬಾಗಿಲು ಮುಚ್ಚಿಡಿ ಎಂದು ಪ್ರತಿ ಕೋಣೆಯಲ್ಲೂ ಬೋರ್ಡಿತ್ತು. ಹಲ್ಲು ಹೋದರೆ ಪೊಲೀಸರನ್ನು ಯಾರು ಕರೆಯುತ್ತಾರೆ? ಕೋಲು ಹಿಡಿದವನನ್ನು ಕರೆಯುತ್ತಾರೆ.

ಮೂರೂ ಹತ್ತಕ್ಕೆ ಕೋಣೆ ಕೆಲಸದ ಜೋಗಮ್ಮ ಐದನೇ ನಂಬರಿನ ಬಾಗಿಲು ತೆಗೆದು ಕಸ ಗುಡಿಸತೊಡಗಿದಳು. ವಿರೂಪಾಕ್ಷಿ ಮೆಟ್ಟಿಲ ತಿರುವಿನಲ್ಲಿ ನಿಂತು, ಮ್ಯಾನೇಜರ್ ಹೊನ್ನೂರಸ್ವಾಮಿಯ ಗಡಸು ಗಂಟಲು ತೆಗೆದ: "ಜೋಗಮ್ಮಾ, ಕೆಳಗ ಬಾರವ್ವಾ, ಟಾವೆಲ್ ಬಂದಾವ."

"ಬಂದೆರೀ ಸಾರ್."

ಅವಳು ಇಳಿದಳು, ಅವನು ಕಂಬದ ಮರೆಯಿಂದ ಬಂದು ಒಳಹೊಕ್ಕ. ಬೇಸಿನ್ನಿನ ಪಕ್ಕ ಗಾಜಿನ ಲೋಟ, ಲೋಟದಲ್ಲಿ ನಗು. ಕರವಸ್ತ್ರದಿಂದಲೇ ಎತ್ತಿಕೊಂಡ. ಹಾಸಿಗೆಯ ಒಂದೇ ಬದಿ ಸುಕ್ಕಾಗಿತ್ತು. ಹೆಸರಿಲ್ಲದ ಒಂದು ಜೊತೆ ಚಪ್ಪಲಿ ಇಲ್ಲಿಯೂ ಮುಟ್ಟದೆ ಬಿದ್ದಿತ್ತು. ಅದನ್ನು ನೋಡಬಾರದಿತ್ತು ಅನಿಸಿತು. ಬುಟ್ಟಿಯ ಬಾಳೆಹಣ್ಣನ್ನು ಅರ್ಧ ಸುಲಿದು ನೆಲಕ್ಕೆಸೆದ, ದಿಂಬನ್ನು ಬಾಗಿಲವರೆಗೆ ಎಳೆದ, ಚಿಲಕ ತೆಗೆದು ಬಾಲ್ಕನಿಗೆ ಬಂದ. ಗಿಡ್ಡ ಗೋಡೆಯ ಆಚೆ ಅವನದೇ ಬಾಲ್ಕನಿ, ಮೊದಲೇ ತೆರೆದಿಟ್ಟ ಬಾಗಿಲು. ಬಳ್ಳಾರಿ ಬಿಸಿಲಿಗೆ ಕಾದ ಕಲ್ಲು ಅಂಗಾಲು ಸುಟ್ಟಿತು. ಮಂಗನಂತೆಯೇ ಕುಣಿಯುತ್ತ ತನ್ನ ಕೋಣೆಗೆ ಹಾರಿ, ಉರಿಯುವ ಪಾದಗಳನ್ನು ಮಂಚದ ಪಕ್ಕದ ಚಪ್ಪಲಿಗೆ ತೂರಿಸಿದ. ಹಲ್ಲು ಸೋಪಿನ ಡಬ್ಬಿಗೆ ಹೇಳಿ ಮಾಡಿಸಿದಂತೆ ಕೂತಿತು.

ಕೊನೆಗೆ ಮರದ ಕಡೆ ಮುಖ ಮಾಡಿ ಒಮ್ಮೆ ಗುರುಗುಟ್ಟಿ ಕೀಚಲಿಟ್ಟ. ಮರದಿಂದ ಉತ್ತರ ಬಂತು. ಜೀವನದ ಅತ್ಯುತ್ತಮ ಐಟಂ; ಕೇಳಲು ಮನುಷ್ಯರಿರಲಿಲ್ಲ.

ನಾಲ್ಕಕ್ಕೆ ಗೋಡೆಯಾಚೆ ಗದ್ದಲವೆದ್ದಿತು. "ಮಂಗ್ಯಾನ ಕೆಲಸ ಸಾರ್," ಎನ್ನುತ್ತಿದ್ದ ಹೊನ್ನೂರಸ್ವಾಮಿ, "ಹೋದ ತಿಂಗಳು ಒಬ್ಬರ ಚಸ್ಮಾ ಒಯ್ದಿತ್ತು." ವಿರೂಪಾಕ್ಷಿ ಚೀಟಿ ತೆಗೆದು ಕೊನೆಯ ಸಾಲು ಬರೆದ: ಮಂಗಗಳ ಕಾಟ ಬಿಟ್ಟರೆ ಎಲ್ಲ ಚೆನ್ನ.

ಬಾಗಿಲು ಬಡಿದ ಸದ್ದಾಯಿತು. ಜೋಗಮ್ಮ ನಿಂತಿದ್ದಳು, ಅವಳ ಹಿಂದೆ ಮ್ಯಾನೇಜರು, ಅವನ ಹಿಂದೆ ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡ ಮುದುಕ. "ಲೇ, ನೀನೇನಲೇ?" ಎಂದ ಮುದುಕ, ಯಾರದೂ ಅಲ್ಲದ ದನಿಯಲ್ಲಿ. ಬಾಲ್ಯದ ನಂತರ ಚಿದಾನಂದಪ್ಪನ ಸ್ವಂತ ದನಿಯನ್ನು ವಿರೂಪಾಕ್ಷಿ ಕೇಳಿದ್ದು ಅಂದೇ. ಜೋಗಮ್ಮ ಕೈಯಲ್ಲಿದ್ದುದನ್ನು ಅವನ ಹೊಸ್ತಿಲ ಹೊರಗೆ ಮೆಲ್ಲಗೆ ಇಟ್ಟಳು. "ಇವನ್ನ ಐದನೇ ನಂಬರಿನ ಬಾಗಿಲಾಗ ಬಿಟ್ಟಿದ್ರಿ ಸಾರ್. ಅರಿಶಿಣ ತುಳೀಬಾರದಂತ ಚೆಂದಗೆ ಜೋಡಿಸಿ ಬಿಟ್ಟಿದ್ರಿ." ನೀಲಿ ಜೀನ್ಸಿನ ಮೇಲೆ ಹಳದಿ ದಾರದಲ್ಲಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ವಿರೂಪಾಕ್ಷಿ ಎಂದಿತ್ತು. ಅವನು ತನ್ನ ಕಾಲು ನೋಡಿಕೊಂಡ. ಕಾಲಲ್ಲೂ ಜೀನ್ಸಿನ ಚಪ್ಪಲಿಯೇ ಇತ್ತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.